ಸಂಗೀತ ದಿಗ್ಗಜ ಬಾಖ್: ಪೊರೆ ತೆಗೆಸಲು ಹೋಗಿ ಕಣ್ಣನ್ನೇ ಕಳೆದುಕೊಂಡ ಕಥೆ

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ದೊಡ್ಡ ಹೆಸರು ಯೋಹಾನ್ ಸೆಬಾಸ್ಟಿಯನ್ ಬಾಖ್. ಆತ ತೀರಿಕೊಂಡಿದ್ದು 1750ರ ಜುಲೈ 28ರಂದು, 65ನೇ ವಯಸ್ಸಿನಲ್ಲಿ. ಅದಕ್ಕೆ ನಾಲ್ಕು ತಿಂಗಳ ಹಿಂದಷ್ಟೇ ಕಣ್ಣಿನ ಆಪರೇಷನ್ ಆಗಿತ್ತು.

ಬಾಖ್ ಹುಟ್ಟಿದ್ದು 1685ರಲ್ಲಿ, ಜರ್ಮನಿಯ ಐಸೆನಾಖ್‌ನಲ್ಲಿ. ಹತ್ತು ವರ್ಷ ತುಂಬುವ ಮೊದಲೇ ತಂದೆ ತಾಯಿ ಇಬ್ಬರೂ ತೀರಿಕೊಂಡರು. ಬೆಳೆದಿದ್ದು ಅಣ್ಣನ ಮನೆಯಲ್ಲಿ. ಅಣ್ಣ ಕೊಡಲು ಒಪ್ಪದ ಸ್ವರಲಿಪಿ ಪುಸ್ತಕವನ್ನು ರಾತ್ರಿ ಗುಟ್ಟಾಗಿ ತೆಗೆದು, ಬೆಳದಿಂಗಳಲ್ಲಿ ಆರು ತಿಂಗಳು ಕೂತು ನಕಲು ಮಾಡಿಕೊಂಡಿದ್ದನಂತೆ. 1723ರಿಂದ ಕೊನೆಯವರೆಗೂ ಲೈಪ್‌ಜಿಗ್‌ನ ಸೇಂಟ್ ಥಾಮಸ್ ಚರ್ಚಿನ ಸಂಗೀತದ ಹೊಣೆ ಅವನದೇ. ಇಬ್ಬರು ಹೆಂಡತಿಯರಿಂದ 20 ಮಕ್ಕಳು. ಅವರಲ್ಲಿ ಬದುಕಿ ದೊಡ್ಡವರಾದವರು ಹತ್ತೇ ಮಂದಿ.

ಅರವತ್ತು ದಾಟಿದ ಮೇಲೆ ಕಣ್ಣು ಮಂಜಾಗತೊಡಗಿತು. 1750ರ ಮಾರ್ಚ್ ಕೊನೆಗೆ ಇಂಗ್ಲೆಂಡಿನ ರಾಜವೈದ್ಯ ಜಾನ್ ಟೇಲರ್ ಲೈಪ್‌ಜಿಗ್‌ಗೆ ಬಂದ. ಅಂದಿನ ಪದ್ಧತಿಯೆಂದರೆ ಕಣ್ಣಿಗೆ ಸೂಜಿ ಚುಚ್ಚಿ ಪೊರೆಯನ್ನು ಒಳಕ್ಕೆ ತಳ್ಳುವುದು. ಅರಿವಳಿಕೆ ಇಲ್ಲ, ಸೂಜಿ ಕುದಿಸುವ ರೂಢಿಯೂ ಇಲ್ಲ. ಏಪ್ರಿಲ್ ಮೊದಲ ವಾರ ಮತ್ತೊಮ್ಮೆ ಆಪರೇಷನ್. ಬಾಖ್ ಪೂರ್ತಿ ಕುರುಡನಾದ, ಹಾಸಿಗೆ ಹಿಡಿದ. ಸಾಯುವ ಹತ್ತು ದಿನ ಮೊದಲು ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಕಣ್ಣು ಕಂಡಿತಂತೆ. ಕೆಲವೇ ಗಂಟೆಗಳಲ್ಲಿ ಪಾರ್ಶ್ವವಾಯು ಬಡಿಯಿತು, ಹಿಂದೆಯೇ ವಿಪರೀತ ಜ್ವರ.

ಸೂಜಿಯ ಜೊತೆ ಕಣ್ಣಿನೊಳಗೆ ಬ್ಯಾಕ್ಟೀರಿಯಾ ಸೇರಿ ಸೋಂಕು ಹಬ್ಬಿರಬೇಕು ಎಂಬುದು ಈ ಕಾಲದ ಹಲವು ವೈದ್ಯರ ಅಂದಾಜು. ಇದಕ್ಕೆ ಎಂಡಾಫ್ತಾಲ್ಮೈಟಿಸ್ ಎನ್ನುತ್ತಾರೆ. ಆಗ ಇದಕ್ಕೆ ಮದ್ದಿರಲಿಲ್ಲ. ಫ್ಲೆಮಿಂಗ್ ಪೆನ್ಸಿಲಿನ್ ಗುರುತಿಸಿದ್ದು ಬಾಖ್ ಸತ್ತ 178 ವರ್ಷಗಳ ನಂತರ, 1928ರಲ್ಲಿ.

ಈಗ ಅದೇ ಸೂಜಿ ಕಣ್ಣು ಉಳಿಸುತ್ತದೆ. ನುಂಗಿದ ಮಾತ್ರೆಯ ಔಷಧ ರಕ್ತದಿಂದ ಕಣ್ಣಿನೊಳಗೆ ಸಾಕಷ್ಟು ಇಳಿಯುವುದಿಲ್ಲ, ನಡುವೆ ತಡೆಗೋಡೆಯಿದೆ. ಹಾಗಾಗಿ ವೈದ್ಯರು ವ್ಯಾಂಕೋಮೈಸಿನ್, ಸೆಫ್ಟಾಜಿಡೈಮ್‌ನಂಥ ಆಂಟಿಬಯಾಟಿಕ್‌ಗಳನ್ನು ತಲಾ 0.1 ಮಿಲಿಲೀಟರ್‌ನಷ್ಟು ನೇರ ಕಣ್ಣಿನೊಳಗೇ ಚುಚ್ಚುತ್ತಾರೆ. ಎರಡು ಔಷಧ ಏಕೆಂದರೆ ಒಂದಕ್ಕೆ ಬಗ್ಗದ ಬ್ಯಾಕ್ಟೀರಿಯಾ ಇನ್ನೊಂದಕ್ಕೆ ಬಗ್ಗುತ್ತದೆ. ಸೋಂಕು ಜೋರಾಗಿದ್ದರೆ ಕಣ್ಣಿನೊಳಗಿನ ಕೀವು ತುಂಬಿದ ದ್ರವವನ್ನೇ ಆಪರೇಷನ್ ಮಾಡಿ ತೆಗೆಯುತ್ತಾರೆ.

ಆದರೆ ತಡವಾದರೆ ಈ ಔಷಧಕ್ಕೂ ಕಣ್ಣು ಉಳಿಸುವುದು ಕಷ್ಟ. ನಿಮ್ಮ ಮನೆಯಲ್ಲಿ ಯಾರಾದರೂ ಪೊರೆ ಆಪರೇಷನ್ ಮಾಡಿಸಿಕೊಂಡಿದ್ದರೆ ನೆನಪಿಡಿ: ಕೆಲ ದಿನಗಳಲ್ಲಿ ನೋವು, ಕೆಂಪು ಹೆಚ್ಚಾಗಿ ದೃಷ್ಟಿ ಮಸುಕಾದರೆ ನಾಳೆ ನೋಡೋಣ ಎನ್ನಬೇಡಿ, ಅದೇ ದಿನ ಕಣ್ಣಿನ ಆಸ್ಪತ್ರೆಗೆ ಕರೆದೊಯ್ಯಿರಿ. ಬಾಖ್‌ಗೆ ಸಿಗದ ಅವಕಾಶ ಇಂದು ನಮಗಿದೆ.