ಮಮದಾಪುರದಿಂದ ಪಾವಟೆ ನಗರಕ್ಕೆ

2019ರ ಘಟಪ್ರಭಾ ಪ್ರವಾಹದಲ್ಲಿ ನಮ್ಮ ಕಾಕಾನ ಡಿಗ್ರಿ ಅಂಕಪಟ್ಟಿ ನೀರುಪಾಲಾಗಿತ್ತು. ಇಷ್ಟು ದಿನ ಅದರ ನೆನಪೇ ಬಂದಿರಲಿಲ್ಲ. ಹೋದ ವರ್ಷ ಯಾವುದೋ ಕೆಲಸಕ್ಕೆ ಬೇಕಾದಾಗ, ಧಾರವಾಡಕ್ಕೆ ಹೋಗಿ ನಕಲು ಪ್ರತಿ ತರೋಣ, ನೀನೂ ಬಾ ಅಂದರು. ನಾನು ಆಗಷ್ಟೇ ಎಂಜಿನಿಯರಿಂಗ್ ಗಣಿತದ ಒಂದು ಪೇಪರಿನಲ್ಲಿ ಫೇಲಾಗಿ ಮನೆಯಲ್ಲಿ ಮುಖ ತಪ್ಪಿಸಿಕೊಂಡು ತಿರುಗುತ್ತಿದ್ದೆ. ಎಲ್ಲಿಗಾದರೂ ಹೋದರೆ ಸಾಕು ಅನಿಸಿತ್ತು. ಮೂಡಲಗಿಯಿಂದ ಗೋಕಾಕ, ಅಲ್ಲಿಂದ ಯರಗಟ್ಟಿ, ಸವದತ್ತಿ ದಾಟಿ ಧಾರವಾಡ.

ಅರ್ಜಿಯ ಲಕೋಟೆಯ ಮೇಲೆ ಕಾಕಾ ವಿಳಾಸ ಬರೆದಿದ್ದರು: ಕರ್ನಾಟಕ ವಿಶ್ವವಿದ್ಯಾಲಯ, ಪಾವಟೆ ನಗರ. ಯಾವುದೋ ಬಡಾವಣೆಯ ಹೆಸರಿರಬೇಕು ಅಂದುಕೊಂಡೆ. ಕಾಕಾ ನಕ್ಕರು. ಪಾವಟೆ ನಮ್ಮ ಗೋಕಾಕ ತಾಲ್ಲೂಕಿನ ಮಮದಾಪುರದವರು, ಅಷ್ಟೂ ಗೊತ್ತಿಲ್ಲವಾ ಅಂದರು. ನಿಜವಾಗಿ ಗೊತ್ತಿರಲಿಲ್ಲ. ಹುಕ್ಕೇರಿ ಕಡೆಯ ನನ್ನ ರೂಂಮೇಟ್‌ಗೂ ಗೊತ್ತಿರಲಿಲ್ಲ, ಆಮೇಲೆ ಕೇಳಿದೆ.

ದಾದಪ್ಪ ಚಿಂತಪ್ಪ ಪಾವಟೆ ಹುಟ್ಟಿದ್ದು 1899ರ ಆಗಸ್ಟ್ 2ರಂದು. ಆಗ ಗೋಕಾಕ ಮುಂಬೈ ಪ್ರಾಂತ್ಯದಲ್ಲಿತ್ತು. ಮೆಟ್ರಿಕ್ ಮುಗಿದ ಮೇಲೆ ಓದಬೇಕೆಂದರೆ ಪುಣೆ, ಮುಂಬೈ ಕಡೆ ಹೋಗಬೇಕು. ಇಡೀ ಭಾಗಕ್ಕೆ ಒಂದೇ ವಿಶ್ವವಿದ್ಯಾಲಯ, ಅದೂ ಮುಂಬೈಯಲ್ಲಿ. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಶುರುವಾದದ್ದು ಇಂಥ ಹಳ್ಳಿ ಹುಡುಗರ ಪುಣ್ಯ. ಪಾವಟೆ ಅಲ್ಲಿ ಓದಿದರು. ನಂತರ ಇಂಗ್ಲೆಂಡಿನ ಕೇಂಬ್ರಿಜ್‌ಗೆ ಹೋಗಿ ಸಿಡ್ನಿ ಸಸೆಕ್ಸ್ ಕಾಲೇಜು ಸೇರಿದರು.

ಅಲ್ಲಿನ ಗಣಿತ ಪರೀಕ್ಷೆಗೆ ಟ್ರೈಪಾಸ್ ಎನ್ನುತ್ತಾರೆ. ಅದರಲ್ಲಿ ಪ್ರಥಮ ದರ್ಜೆ ಪಡೆದವರಿಗೆ ರ‍್ಯಾಂಗ್ಲರ್ ಎಂಬ ಬಿರುದು. ಪಾವಟೆ ಹುಟ್ಟಿದ ವರ್ಷವೇ, ಅಂದರೆ 1899ರಲ್ಲಿ, ಆರ್.ಪಿ. ಪರಾಂಜಪೆ ಆ ಪರೀಕ್ಷೆಯಲ್ಲಿ ಮೊದಲಿಗರಾಗಿ ಸೀನಿಯರ್ ರ‍್ಯಾಂಗ್ಲರ್ ಆದ ಮೊದಲ ಭಾರತೀಯ ಎನಿಸಿಕೊಂಡಿದ್ದರು. 1920ರ ದಶಕದಲ್ಲಿ ಮಮದಾಪುರದ ಹುಡುಗನೂ ರ‍್ಯಾಂಗ್ಲರ್ ಆದ. ಒಂದು ಪೇಪರಿಗೇ ಸುಸ್ತಾಗಿದ್ದ ನನಗೆ ಇದನ್ನು ಕೇಳಿ ಹೆಮ್ಮೆಗಿಂತ ಮೊದಲು ನಾಚಿಕೆಯಾಯಿತು.

ಭಾರತಕ್ಕೆ ಮರಳಿ ಸ್ವಲ್ಪ ಕಾಲ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಗಣಿತ ಕಲಿಸಿದರು. ಆಮೇಲೆ ಮುಂಬೈ ಸರ್ಕಾರದ ಶಿಕ್ಷಣ ಇಲಾಖೆ ಸೇರಿದರು. ನನಗೆ ಇಲ್ಲಿ ಒಂದು ಕಸಿವಿಸಿ ಇದೆ. ಅಷ್ಟು ಗಣಿತ ಬಲ್ಲವರು ಶಾಲೆಗಳ ತಪಾಸಣೆ, ಕಡತ, ವರದಿಗಳಲ್ಲಿ ವರ್ಷಗಟ್ಟಲೆ ಕಳೆದರು. ಸಂಶೋಧನೆ ಮಾಡಿದ್ದರೆ ಏನಾಗುತ್ತಿದ್ದರೋ! ಕಾಕಾ ಒಪ್ಪಲಿಲ್ಲ. ಗಣಿತಜ್ಞರು ಬೇರೆ ಕಡೆಯೂ ಸಿಗುತ್ತಿದ್ದರು, ನಮ್ಮ ಕಡೆ ಶಾಲೆ ಕಟ್ಟುವವರು ಬೇಕಿತ್ತು ಎಂಬುದು ಅವರ ವಾದ. ಸವದತ್ತಿ ಬರುವವರೆಗೂ ಇದೇ ಚರ್ಚೆ ನಡೆಯಿತು. ನಾನಿನ್ನೂ ಪೂರ್ತಿ ಒಪ್ಪಿಲ್ಲ.

1947ರಲ್ಲಿ ಅವರು ಮುಂಬೈ ರಾಜ್ಯದ ಶಿಕ್ಷಣ ಇಲಾಖೆಯ ನಿರ್ದೇಶಕರಾದರು. ಆ ರಾಜ್ಯದಲ್ಲಿ ಗುಜರಾತ್ ಇತ್ತು, ಮರಾಠಿ ಜಿಲ್ಲೆಗಳಿದ್ದವು, ನಮ್ಮ ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರಗಳೂ ಇದ್ದವು. ಅಷ್ಟಕ್ಕೂ ಗೋಕಾಕ ತಾಲ್ಲೂಕಿನ ಒಬ್ಬರು ಮೇಲಧಿಕಾರಿ. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿತು. ಅದರ ಕಚೇರಿ ಶುರುವಾದದ್ದು ಮುಂಬೈಯಲ್ಲಿ, ಧಾರವಾಡಕ್ಕೆ ಬಂದದ್ದು ಮರುವರ್ಷ. 1954ರಲ್ಲಿ ಪಾವಟೆ ಕುಲಪತಿಯಾಗಿ ಬಂದರು. ಮುಂದಿನ 13 ವರ್ಷ ಅಲ್ಲೇ ಇದ್ದರು.

ಹೆಸರಿಗೆ ವಿಶ್ವವಿದ್ಯಾಲಯವಿದ್ದರೂ ಮೊದಲಿಗೆ ಅದರ ದೊಡ್ಡ ಕೆಲಸವೆಂದರೆ ಕಾಲೇಜುಗಳಿಗೆ ಮಾನ್ಯತೆ ಕೊಡುವುದು, ಪರೀಕ್ಷೆ ನಡೆಸುವುದು. ಅದಕ್ಕೆ ಒಂದು ನೆಲೆ ಬೇಕಿತ್ತು. ಊರ ಅಂಚಿನ ಛೋಟಾ ಮಹಾಬಳೇಶ್ವರದ ಗುಡ್ಡದಲ್ಲಿ ಪಾವಟೆ ಅವಧಿಯಲ್ಲಿ ಆಡಳಿತ ಕಟ್ಟಡ, ಸ್ನಾತಕೋತ್ತರ ವಿಭಾಗಗಳು, ಗ್ರಂಥಾಲಯ, ಹಾಸ್ಟೆಲುಗಳು ಎದ್ದವು. 1956ರ ಏಕೀಕರಣದ ನಂತರ, ಅಲ್ಲಿಯವರೆಗೆ ಹೈದರಾಬಾದಿನ ಉಸ್ಮಾನಿಯಾ ಕಡೆ ನೋಡುತ್ತಿದ್ದ ಕಲಬುರಗಿ, ಬೀದರ್, ರಾಯಚೂರಿನ ಹುಡುಗರೂ ಇದೇ ಗುಡ್ಡ ಹತ್ತತೊಡಗಿದರು. ಕೆಳಗಿನಿಂದ ನೋಡಿದರೆ ಗುಮ್ಮಟದ ಆ ಕಟ್ಟಡ ಅರಮನೆಯ ಹಾಗೆ ಕಾಣುತ್ತದೆ. ಹಳ್ಳಿಯಿಂದ ಬಂದವನಿಗೆ ಮೊದಲು ಸ್ವಲ್ಪ ಹೆದರಿಕೆಯೇ ಆಗುತ್ತದೆ. ಕಾಕಾ 90ರ ದಶಕದಲ್ಲಿ ಗೋಕಾಕದಲ್ಲೇ ಕಾಲೇಜು ಓದಿದವರು. ಪದವಿ ಕೊಟ್ಟ ವಿಶ್ವವಿದ್ಯಾಲಯವನ್ನು ಕಣ್ಣಾರೆ ಕಂಡದ್ದು ಅವತ್ತೇ ಮೊದಲು!

1967ರಲ್ಲಿ ಪದ್ಮಭೂಷಣ ಬಂತು. ಅದೇ ವರ್ಷ ಅಕ್ಟೋಬರಿನಲ್ಲಿ ಪಂಜಾಬಿನ ರಾಜ್ಯಪಾಲರಾದರು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಗೆಳೆಯರು ಇದನ್ನು ಗಮನಿಸಿ. 1968ರ ಮಾರ್ಚಿನಲ್ಲಿ ಅಲ್ಲಿನ ಸ್ಪೀಕರ್ ಸದನವನ್ನು ಎರಡು ತಿಂಗಳು ಮುಂದೂಡಿದರು. ಬಜೆಟ್ ಪಾಸಾಗಿರಲಿಲ್ಲ, ಆರ್ಥಿಕ ವರ್ಷ ಮುಗಿಯುವುದರಲ್ಲಿತ್ತು. ರಾಜ್ಯಪಾಲ ಪಾವಟೆ ಅಧಿವೇಶನವನ್ನೇ ಮುಕ್ತಾಯಗೊಳಿಸಿ, ಸುಗ್ರೀವಾಜ್ಞೆ ಹೊರಡಿಸಿ, ಸದನವನ್ನು ಹೊಸದಾಗಿ ಕರೆದರು. ಹೈಕೋರ್ಟಿನಲ್ಲಿ ಹಿನ್ನಡೆಯಾಯಿತು, ಸುಪ್ರೀಂ ಕೋರ್ಟ್ ಅವರ ಕ್ರಮವನ್ನು ಎತ್ತಿಹಿಡಿಯಿತು. ಸತ್ಯಪಾಲ್ ಡಾಂಗ್ ಪ್ರಕರಣವೆಂದು ಕಾನೂನು ವಿದ್ಯಾರ್ಥಿಗಳು ಈಗಲೂ ಓದುತ್ತಾರೆ. 1969ರಲ್ಲಿ ಅಮೃತಸರದಲ್ಲಿ ಗುರುನಾನಕರ ಹೆಸರಿನ ವಿಶ್ವವಿದ್ಯಾಲಯ ಆರಂಭವಾದಾಗಲೂ ಪಂಜಾಬಿಗೆ ಇವರೇ ರಾಜ್ಯಪಾಲರು. 1973ರವರೆಗೆ ಅಲ್ಲಿದ್ದು, 1979ರಲ್ಲಿ ತೀರಿಕೊಂಡರು. ಶಿಕ್ಷಣಾಡಳಿತದ ದಿನಗಳ ಬಗ್ಗೆ ಒಂದು, ರಾಜ್ಯಪಾಲರಾಗಿದ್ದ ದಿನಗಳ ಬಗ್ಗೆ ಒಂದು ಪುಸ್ತಕವನ್ನು ಇಂಗ್ಲಿಷಿನಲ್ಲಿ ಬರೆದಿದ್ದಾರೆ.

ಅವರು ಬೆಳೆಸಿದ ಮರ ಆಮೇಲೆ ಟಿಸಿಲೊಡೆಯಿತು. ಕಲಬುರಗಿಯ ಸ್ನಾತಕೋತ್ತರ ಕೇಂದ್ರ 1980ರಲ್ಲಿ ಸ್ವತಂತ್ರ ವಿಶ್ವವಿದ್ಯಾಲಯವಾಯಿತು. ಬೆಳಗಾವಿಯ ಕೇಂದ್ರ 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವಾಯಿತು. ಎಂಜಿನಿಯರಿಂಗ್‌ಗೆ 1998ರಲ್ಲೇ ವಿಟಿಯು ಬಂದಿತ್ತು, ಅದರ ಕೇಂದ್ರವೂ ಬೆಳಗಾವಿಯೇ. ಹೀಗಾಗಿ ಗೋಕಾಕ, ಮೂಡಲಗಿ, ಹುಕ್ಕೇರಿಯ ನಮ್ಮ ತಲೆಮಾರಿಗೆ ಧಾರವಾಡದ ಗುಡ್ಡ ಹತ್ತುವ ಪ್ರಸಂಗವೇ ಬರುವುದಿಲ್ಲ. ಪಾವಟೆ ಹೆಸರು ಮರೆಯಾಗಲು ಅದೂ ಒಂದು ಕಾರಣ ಇರಬಹುದು.

ಅವರ ಹೆಸರಿನ ಫೆಲೋಶಿಪ್ ಮೇಲೆ ಇಲ್ಲಿನವರು ಕೇಂಬ್ರಿಜ್‌ಗೆ, ಅವರು ಓದಿದ ಅದೇ ಕಾಲೇಜಿಗೆ ಹೋಗಿ ಬರುತ್ತಾರಂತೆ. ಕ್ಯಾಂಪಸ್ಸಿನ ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತ ಕಾಕಾ ಇದನ್ನು ಹೇಳಿದರು. ಅರ್ಜಿ ಕೊಟ್ಟು ರಸೀದಿ ಪಡೆದಾಗ ಸಂಜೆಯಾಗಿತ್ತು. ಕೊನೆಯ ಬಸ್ಸಿನಲ್ಲಿ ಊರಿಗೆ ಬಂದು, ಮರುದಿನ ಬ್ಯಾಕ್‌ಲಾಗ್ ಪರೀಕ್ಷೆಯ ಫೀ ಕಟ್ಟಿದೆ.