ಸ್ಯಾಕ್ಸೋಫೋನ್ ಚಕ್ರವರ್ತಿ ಕದ್ರಿ ಗೋಪಾಲನಾಥರು

ನಮ್ಮ ಮಲೆನಾಡಿನಲ್ಲಿ ಓಲಗವಿಲ್ಲದೆ ಮಂಗಳಕಾರ್ಯ ನಡೆಯುವುದು ಅಪರೂಪ. ಸಾಗರದ ಮಾರಿಕಾಂಬಾ ಜಾತ್ರೆಯಾಗಲಿ, ತೀರ್ಥಹಳ್ಳಿಯ ಎಳ್ಳಮಾವಾಸ್ಯೆಯ ಜಾತ್ರೆಯಾಗಲಿ, ಹೊಸನಗರದ ಕಡೆಯ ಹಳ್ಳಿಮನೆಯೊಂದರ ಮದುವೆಯಾಗಲಿ, ಮೊದಲು ಕಿವಿಗೆ ಬೀಳುವುದು ಓಲಗದ ನಾದವೇ. ಈಚಿನ ವರ್ಷಗಳಲ್ಲಿ ಆ ಓಲಗದೊಳಗೆ ನಾಗಸ್ವರದ ಪಕ್ಕದಲ್ಲಿ, ಎಷ್ಟೋ ವೇಳೆ ನಾಗಸ್ವರದ ಬದಲಿಗೇ, ಆನೆಯ ಸೊಂಡಿಲಿನಂತೆ ಬಾಗಿದ, ಹಿತ್ತಾಳೆಯ ಹೊಳಪಿನ ವಾದ್ಯವೊಂದು ಕಾಣುತ್ತದೆ. ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್ ಎಂಬಾತನು ನಿರ್ಮಿಸಿ, 1846ರಲ್ಲಿ ಪ್ಯಾರಿಸಿನಲ್ಲಿ ಹಕ್ಕುಪತ್ರ ಪಡೆದ ಸ್ಯಾಕ್ಸೋಫೋನ್ ಅದು. ಯೂರೋಪಿನ ದಂಡಿನ ಬ್ಯಾಂಡುಗಳಲ್ಲಿ ಮೊಳಗುತ್ತಿದ್ದ ಈ ವಾದ್ಯವು ನಮ್ಮ ಧಾರಾಮಂಟಪದವರೆಗೆ ಬಂದ ಬಗೆಯನ್ನು ವಿಚಾರಿಸಿದರೆ, ಬಹುಮಟ್ಟಿಗೆ ಒಬ್ಬರ ಬಾಳಿನ ಕಥೆಯನ್ನೇ ಹೇಳಬೇಕಾಗುತ್ತದೆ. ಅವರೇ ಕದ್ರಿ ಗೋಪಾಲನಾಥರು.

ಅವರು ತೀರಿಕೊಂಡಾಗ ನಾನು ಹೈಸ್ಕೂಲಿನಲ್ಲಿದ್ದೆ, ಅವರನ್ನು ಕಂಡವನಲ್ಲ. ಸಂಗೀತಶಾಸ್ತ್ರವನ್ನು ಓದಿದವನೂ ಅಲ್ಲ. ಆದರೂ ಅವರನ್ನು ಕುರಿತು ಬರೆಯಲು ನನಗೊಂದು ಕಾರಣವಿದೆ. ಅದನ್ನು ಕೊನೆಯಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ಗೋಪಾಲನಾಥರು 1949ರಲ್ಲಿ ದಕ್ಷಿಣ ಕನ್ನಡದ ಬಂಟ್ವಾಳ ತಾಲ್ಲೂಕಿನ ಸಜಿಪಮೂಡದಲ್ಲಿ ಹುಟ್ಟಿದರು. ತಂದೆ ತನಿಯಪ್ಪನವರು ನಾಗಸ್ವರ ವಾದಕರು, ತಾಯಿ ಗಂಗಮ್ಮನವರು. ತಂದೆಯೇ ಮೊದಲ ಗುರು, ನಾಗಸ್ವರವೇ ಮೊದಲ ವಾದ್ಯ. ಹುಡುಗನು ತಂದೆಯ ಹಾದಿಯಲ್ಲೇ ನಡೆದಿದ್ದರೆ ದೇವಸ್ಥಾನದ ಉತ್ಸವಗಳಲ್ಲಿಯೂ ಮದುವೆಮನೆಗಳಲ್ಲಿಯೂ ಊದುತ್ತ ಬಾಳನ್ನು ಸವೆಸುತ್ತಿದ್ದನೇನೋ. ಆದರೆ ಎಳೆಯ ವಯಸ್ಸಿನಲ್ಲಿ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನನ್ನು ಕೇಳಿದ್ದೇ ತಡ, ಅದರ ನಾದವು ಅವರನ್ನು ಹಿಡಿದುಕೊಂಡಿತು. ಕರ್ನಾಟಕ ಸಂಗೀತವನ್ನು ಈ ವಾದ್ಯದಲ್ಲೇ ನುಡಿಸಬೇಕೆಂದು ಅವರು ನಿಶ್ಚಯಿಸಿದರು. ಆ ನಿಶ್ಚಯವು ಕೈಗೂಡಲು ಸುಮಾರು 20 ವರ್ಷಗಳ ಸಾಧನೆ ಬೇಕಾಯಿತು.

ಇಷ್ಟು ಕಾಲ ಏಕೆ ಹಿಡಿಯಿತೆಂಬುದನ್ನು ವಾಚಕರು ಗಮನಿಸಬೇಕು. ಕರ್ನಾಟಕ ಸಂಗೀತದ ಜೀವವಿರುವುದು ಗಮಕದಲ್ಲಿ. ಒಂದು ಸ್ವರ ನಿಂತಲ್ಲಿ ನಿಲ್ಲದೆ, ಪಕ್ಕದ ಸ್ವರವನ್ನು ಮುಟ್ಟಿ, ತೂಗಿ, ಜಾರಿ ಬರಬೇಕು. ನಾಗಸ್ವರದ ರಂಧ್ರಗಳು ತೆರೆದವು. ಬೆರಳನ್ನು ಅರ್ಧ ಮುಚ್ಚಿ, ಮೆಲ್ಲನೆ ಸರಿಸಿ ಈ ಜಾರನ್ನು ತರಬಹುದು. ಸ್ಯಾಕ್ಸೋಫೋನಿನಲ್ಲಾದರೋ ಬೆರಳು ರಂಧ್ರವನ್ನು ಮುಟ್ಟುವುದೇ ಇಲ್ಲ. ಬೆರಳು ಒತ್ತುವುದು ಕೀಲಿಯನ್ನು. ರಂಧ್ರವನ್ನು ಮುಚ್ಚುವುದು ಆ ಕೀಲಿಗೆ ಅಂಟಿದ ಮೆತ್ತೆ. ಹೀಗಾಗಿ ಸ್ವರಗಳು ಮೆಟ್ಟಿಲಿನಂತೆ ಬೇರೆಬೇರೆಯಾಗಿ ಬೀಳುತ್ತವೆ. ಮೆಟ್ಟಿಲಿನ ಮೇಲೆ ನೀರು ಹರಿದಂತೆ ಸ್ವರವನ್ನು ಹರಿಸಬೇಕಾದರೆ ತುಟಿಯ ಬಿಗಿತ, ಉಸಿರಿನ ಒತ್ತು, ಕೀಲಿಯ ಅರೆತೆರವು ಇವೆಲ್ಲ ಒಂದಾಗಬೇಕು. ಹೇಳಿಕೊಡುವ ಪುಸ್ತಕವಿಲ್ಲದ ವಿದ್ಯೆ ಇದು.

ಇಲ್ಲಿ ಅವರ ವಿನಯವನ್ನು ಸ್ಮರಿಸದೆ ಮುಂದುವರಿಯಲಾಗದು. ತಂದೆಯಿಂದ ವಿದ್ಯೆ ಪಡೆದವರಾದರೂ ಅವರು ಮತ್ತೆ ಶಿಷ್ಯರಾಗಿ ಕುಳಿತರು. ಮಂಗಳೂರಿನ ಕಲಾನಿಕೇತನದಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ ಕಲಿತರು. ಅನಂತರ ಮದರಾಸಿನಲ್ಲಿ ಮೃದಂಗ ವಿದ್ವಾಂಸರೂ ಗಾಯಕರೂ ಆದ ಟಿ. ವಿ. ಗೋಪಾಲಕೃಷ್ಣನ್ ಅವರು ಈ ತರುಣನ ಶಕ್ತಿಯನ್ನು ಗುರುತಿಸಿ ತಿದ್ದಿದರು. ವಿದೇಶೀ ವಾದ್ಯವೆಂದು ಮೂಗುಮುರಿಯುವವರಿಗೆ ಉತ್ತರ ಮೊದಲೇ ಸಿದ್ಧವಿತ್ತು: ಪಿಟೀಲೂ ಹೊರಗಿನಿಂದ ಬಂದದ್ದೇ, ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರ ಕಾಲದಿಂದ ಅದು ನಮ್ಮದಾಯಿತು. ಆದರೆ ಗೋಪಾಲನಾಥರು ವಾದದಿಂದಲ್ಲ, ವಾದನದಿಂದ ಗೆದ್ದರು.

1980ರಲ್ಲಿ ಮುಂಬಯಿಯ ಜಾಸ್ ಉತ್ಸವವು ಅವರ ಬಾಳಿನ ತಿರುವಾಯಿತು. ಅಲ್ಲಿಗೆ ಬಂದಿದ್ದ ಅಮೆರಿಕದ ಸ್ಯಾಕ್ಸೋಫೋನ್ ವಾದಕ ಜಾನ್ ಹ್ಯಾಂಡಿಯವರು ಇವರ ವಾದನವನ್ನು ಕೇಳಿ, ತಾವೂ ವೇದಿಕೆಯೇರಿ ಜೊತೆಗೂಡಲು ಅನುಮತಿ ಬೇಡಿದರು. ಒಬ್ಬರದು ಜಾಸ್, ಇನ್ನೊಬ್ಬರದು ರಾಗ. ಎರಡಕ್ಕೂ ಹಾಡುತ್ತ ಹಾಡುತ್ತಲೇ ಹೊಸದನ್ನು ಕಟ್ಟುವ ಗುಣವಿದೆಯಷ್ಟೆ! ಸಭಿಕರು ಆ ಬೆಸುಗೆಗೆ ಮನಸೋತರು.

ಇದೇ ವಾದ್ಯವು ಜಮೈಕಾ ದ್ವೀಪದಲ್ಲಿ ಮಾಡಿದ ಕೆಲಸವನ್ನು ಇಲ್ಲಿ ಹೋಲಿಸಿ ನೋಡಬಹುದು. ಕಿಂಗ್‌ಸ್ಟನ್ ನಗರದ ಆಲ್ಫಾ ಬಾಲಕರ ಶಾಲೆಯಲ್ಲಿ ಬಡ ಹುಡುಗರಿಗೆ ಬ್ಯಾಂಡಿನ ವಾದ್ಯಗಳನ್ನು ಕಲಿಸುತ್ತಿದ್ದರು. ಅಲ್ಲಿ ಕಲಿತ ಟಾಮಿ ಮೆಕ್‌ಕುಕ್ ಎಂಬ ಸ್ಯಾಕ್ಸೋಫೋನ್ ವಾದಕರು 1964ರಲ್ಲಿ ಆರಂಭವಾದ ಸ್ಕಟಲೈಟ್ಸ್ ತಂಡದಲ್ಲಿದ್ದರು. ಅವರೂ ಸಂಗಡಿಗರೂ ಜಾಸನ್ನು ದ್ವೀಪದ ಲಯದೊಡನೆ ಬೆರೆಸಿ ಸ್ಕಾ ಎಂಬ ಹೊಸ ಸಂಗೀತವನ್ನು ಬೆಳೆಸಿದರು. ಅದರ ಬೆನ್ನಲ್ಲೇ ರೆಗೆ ಬಂದಿತು. ಅಲ್ಲಿ ವಾದ್ಯವು ಹೊಸ ಸಂಗೀತಕ್ಕೆ ಹೆರಿಗೆ ಮಾಡಿಸಿತು. ಇಲ್ಲಿ ಗೋಪಾಲನಾಥರು ಹಳೆಯ ಸಂಗೀತವನ್ನು ಕೆಡಿಸದೆ ಅದಕ್ಕೆ ಹೊಸ ಕಂಠವನ್ನು ಕೊಟ್ಟರು. ಜಾಸ್‌ನವರ ಪಕ್ಕದಲ್ಲಿ ನಿಂತಾಗಲೂ ಅವರು ತಮ್ಮ ರಾಗವನ್ನು ಬಿಡಲಿಲ್ಲ.

ಮುಂದಿನ ಕೀರ್ತಿಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. 1994ರಲ್ಲಿ ಲಂಡನ್ನಿನ ಬಿ.ಬಿ.ಸಿ. ಪ್ರಾಮೆನೇಡ್ ಕಚೇರಿಗಳಲ್ಲಿ ನುಡಿಸಿದರು. ಈ ಗೌರವ ಪಡೆದ ಕರ್ನಾಟಕ ಸಂಗೀತಗಾರರಲ್ಲಿ ಇವರೇ ಮೊದಲಿಗರು. ಅದೇ ವರ್ಷ ಕೆ. ಬಾಲಚಂದರ್ ಅವರ ‘ಡ್ಯುಯೆಟ್’ ಎಂಬ ತಮಿಳು ಚಿತ್ರಕ್ಕೆ ಎ. ಆರ್. ರೆಹಮಾನ್ ಅವರ ಸಂಗೀತದಲ್ಲಿ ನುಡಿಸಿ ಮನೆಮನೆಗೂ ಪರಿಚಿತರಾದರು. 2004ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಿತು. ನಮ್ಮ ದೇಶದ ಮೂಲದ ಅಮೆರಿಕನ್ ಜಾಸ್ ವಾದಕ ರುದ್ರೇಶ್ ಮಹಾಂತಪ್ಪನವರು ಇವರನ್ನು ಅರಸಿ ಬಂದು, ಜೊತೆಯಲ್ಲಿ ನುಡಿಸಿ, 2008ರಲ್ಲಿ ‘ಕಿನ್ಸ್‌ಮೆನ್’ ಎಂಬ ಧ್ವನಿಮುದ್ರಿಕೆಯನ್ನು ಹೊರತಂದರು. 2019ರ ಅಕ್ಟೋಬರ್ 11ರಂದು ಗೋಪಾಲನಾಥರು ಮಂಗಳೂರಿನಲ್ಲಿ ನಿಧನ ಹೊಂದಿದರು.

ಇನ್ನು ನನ್ನ ಅರಿಕೆ. ನನ್ನ ತಂದೆಯವರು ನಾಗಸ್ವರ ಊದುವವರು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಮೊದಲ ವರ್ಷ ಅರ್ಜಿಯಲ್ಲಿ ತಂದೆಯ ಉದ್ಯೋಗವೆಂಬ ಕಡೆ ನಾನು ವ್ಯವಸಾಯವೆಂದು ಬರೆದೆ. ನಮಗೆ ಜಮೀನಿಲ್ಲ. ಮದುವೆಮನೆಗಳಲ್ಲಿ ಓಲಗದವರಿಗೆ ಕೊನೆಯ ಪಂಕ್ತಿಯಲ್ಲಿ ಎಲೆ ಹಾಕುವುದನ್ನು ಕಂಡು ಬೆಳೆದವನಿಗೆ ಆ ಸುಳ್ಳು ಸುಲಭವಾಗಿ ಬಂದಿತು. ಸಹಪಾಠಿಗಳು ಬಂದಿದ್ದ ಒಂದು ಮದುವೆಯಲ್ಲಿ ಶ್ರುತಿಪೆಟ್ಟಿಗೆಯನ್ನು ಬಿಟ್ಟು ಕಂಬದ ಮರೆಗೆ ಹೋಗಿ ನಿಂತದ್ದೂ ಉಂಟು.

ಈಗ ಕರೆ ಬರುವವರು ಸ್ಯಾಕ್ಸೋಫೋನ್ ಇದೆಯೇ ಎಂದು ಮೊದಲು ಕೇಳುತ್ತಾರೆ. ಇಲ್ಲವೆಂದರೆ ಬೇರೆ ಕಡೆ ಹೋಗುತ್ತಾರೆ. ತಂದೆಯವರ ನಾಗಸ್ವರವು ಬಟ್ಟೆಯ ಚೀಲದಲ್ಲಿ ತಿಂಗಳುಗಟ್ಟಲೆ ಮಲಗಿರುತ್ತದೆ. ಆದುದರಿಂದ ಗೋಪಾಲನಾಥರ ಮೇಲೆ ನನಗೆ ಒಳಗೊಳಗೆ ಮುನಿಸಿತ್ತು. ಒಂದು ಮಳೆಗಾಲದ ರಾತ್ರಿ ಮೊಬೈಲಿನಲ್ಲಿ ಅವರ ವಾದನವನ್ನು ತಂದೆಯವರಿಗೆ ಕೇಳಿಸಿದೆ. ಅವರು ಕಣ್ಣು ಮುಚ್ಚಿ ಕೇಳಿದರು. ಸ್ವಲ್ಪ ಹೊತ್ತಿನಲ್ಲಿ ಅವರ ಬೆರಳುಗಳು ತಾವಾಗಿ ಮೊಣಕಾಲಿನ ಮೇಲೆ ಆಡತೊಡಗಿದವು. ನಾಗಸ್ವರದ ರಂಧ್ರಗಳ ಮೇಲೆ ಆಡುವಂತೆಯೇ. ಮುಗಿದ ಮೇಲೆ, ಇವರು ನಮ್ಮವರೇ, ಇವರ ಉಸಿರು ನಾಗಸ್ವರದ ಉಸಿರು ಎಂಬರ್ಥದ ಮಾತೊಂದನ್ನಾಡಿ ಮಲಗಿದರು.

ನನ್ನ ಮುನಿಸು ಅಂದಿಗೆ ಹೋಯಿತು. ಕರೆಗಳು ಮಾತ್ರ ಹೆಚ್ಚಲಿಲ್ಲ. ಸಂಸಾರದ ಕಷ್ಟ ಇದ್ದಂತೆಯೇ ಇದೆ. ಆದರೆ ಲೋಕವು ಎದ್ದುನಿಂತು ಗೌರವಿಸಿದ ಆ ನಾದದ ಬೇರು ಸಜಿಪಮೂಡದ ಒಬ್ಬ ಓಲಗದವರ ಮನೆಯಲ್ಲಿತ್ತೆಂಬುದನ್ನು ನಾನು ತಿಳಿದೆ. ಮಗನು ವಾದ್ಯವನ್ನು ಬದಲಿಸಿದರೂ ತಂದೆಯನ್ನು ಮರೆಮಾಚಲಿಲ್ಲ. ಈ ವರ್ಷದ ಅರ್ಜಿಯಲ್ಲಿ ನಾನು ನಾಗಸ್ವರ ವಾದನವೆಂದು ಬರೆದಿದ್ದೇನೆ. ಬರುವ ವೈಶಾಖದಲ್ಲಿ ಒಂದು ಮದುವೆಗೆ ಕರೆ ಬಂದಿದೆ. ಶ್ರುತಿಗೆ ಕುಳಿತುಕೊಳ್ಳುವವನು ನಾನೇ. ಮಿತ್ರರು ಬಂದರೆ ಕಂಬದ ಹಿಂದೆ ಹುಡುಕಬೇಕಾಗಿಲ್ಲ.