ಬೇರಿನ ಶಿಲೀಂಧ್ರಕ್ಕೆ ವಕೀಲರಾದ ಹೊವಾರ್ಡ್

ಸಸ್ಯರೋಗ ತಜ್ಞರ ಕಣ್ಣಿಗೆ ಶಿಲೀಂಧ್ರವೆಂದರೆ ಬೆಳೆಯ ಶತ್ರು. ಆ ಶತ್ರುವಿನ ಅಧ್ಯಯನದಿಂದಲೇ ವೃತ್ತಿ ಆರಂಭಿಸಿದ ಬ್ರಿಟಿಷ್ ವಿಜ್ಞಾನಿ ಸರ್ ಆಲ್ಬರ್ಟ್ ಹೊವಾರ್ಡ್, ಬದುಕಿನ ಕೊನೆಯ ದಶಕವನ್ನು ಬೆಳೆಯ ಬೇರಿನಲ್ಲಿ ನೆಲೆಸುವ ಮಿತ್ರ ಶಿಲೀಂಧ್ರದ ಪರವಾಗಿ ವಾದಿಸುತ್ತ ಕಳೆದರು. ಸಾವಯವ ಕೃಷಿಯ ಆದ್ಯ ಪ್ರವರ್ತಕರಲ್ಲಿ ಒಬ್ಬರಾದ ಅವರಿಗೆ ಈ ದಾರಿ ತೋರಿದ್ದು ಭಾರತದ ಹೊಲಗಳು.

1873ರ ಡಿಸೆಂಬರ್ 8ರಂದು ಇಂಗ್ಲೆಂಡಿನ ಶ್ರಾಪ್‌ಶೈರ್‌ನ ಕೃಷಿಕ ಕುಟುಂಬದಲ್ಲಿ ಜನಿಸಿದ ಹೊವಾರ್ಡ್, ಕೇಂಬ್ರಿಜ್‌ನಲ್ಲಿ ವ್ಯಾಸಂಗ ಮುಗಿಸಿ 1899ರಲ್ಲಿ ಶಿಲೀಂಧ್ರ ತಜ್ಞರಾಗಿ ವೆಸ್ಟ್ ಇಂಡೀಸ್‌ಗೆ ತೆರಳಿದರು. ಕಬ್ಬಿನ ರೋಗಗಳನ್ನು ಪರಿಶೀಲಿಸುವ ಕೆಲಸವೇನೋ ದೊರೆಯಿತು. ಆದರೆ ಪರಿಹಾರವನ್ನು ಪ್ರಯೋಗಿಸಿ ನೋಡಲು ಸ್ವಂತ ಹೊಲವಿರಲಿಲ್ಲ. ಆ ಕೊರತೆ ನೀಗಿದ್ದು 1905ರಲ್ಲಿ, ಬಿಹಾರದ ಪೂಸಾ ಕೃಷಿ ಸಂಶೋಧನಾ ಸಂಸ್ಥೆಗೆ ಬಂದ ಬಳಿಕ. ಸಸ್ಯವಿಜ್ಞಾನಿಯಾಗಿದ್ದ ಪತ್ನಿ ಗೇಬ್ರಿಯೆಲ್ ಅವರೊಂದಿಗೆ ಸುಧಾರಿತ ಗೋಧಿ ತಳಿಗಳನ್ನು ರೂಪಿಸಿದ ಅವರು, ಸುತ್ತಲಿನ ರೈತರ ಬೇಸಾಯವನ್ನು ಶಿಷ್ಯನಂತೆ ಗಮನಿಸಿದರು. ಮಣ್ಣು ಆರೋಗ್ಯವಾಗಿದ್ದರೆ ಬೆಳೆಗೆ ರೋಗ ಸುಲಭವಾಗಿ ತಗಲದು ಎಂಬ ನಂಬಿಕೆ ಅಲ್ಲಿಯೇ ಬೇರೂರಿತು.

1924ರಲ್ಲಿ ಇಂದೋರ್‌ನ ಸಸ್ಯೋದ್ಯಮ ಸಂಸ್ಥೆಯ ನಿರ್ದೇಶಕರಾದ ಹೊವಾರ್ಡ್, ಕಸಕಡ್ಡಿ, ಸಗಣಿ, ಗಂಜಲ ಹೀರಿದ ಮಣ್ಣು ಮತ್ತು ಬೂದಿಯನ್ನು ಪದರಗಳಾಗಿ ಹರಡಿ, ಆಗಾಗ್ಗೆ ಮಗುಚಿ, ಸುಮಾರು 3 ತಿಂಗಳಲ್ಲಿ ಗೊಬ್ಬರ ತಯಾರಿಸುವ ವಿಧಾನವನ್ನು ಸಿದ್ಧಗೊಳಿಸಿದರು. ಸಹೋದ್ಯೋಗಿ ಯಶವಂತ ವಾಡ್ ಅವರೊಂದಿಗೆ 1931ರಲ್ಲಿ ಅದರ ಬಗ್ಗೆ ಪುಸ್ತಕ ಪ್ರಕಟಿಸಿದರು. ಅದಕ್ಕೆ ಹಿಂದಿನ ವರ್ಷವಷ್ಟೇ ಗೇಬ್ರಿಯೆಲ್ ತೀರಿಕೊಂಡಿದ್ದರು. 1931ರಲ್ಲಿಯೇ ಸ್ವದೇಶಕ್ಕೆ ಮರಳಿದ ಅವರಿಗೆ 1934ರಲ್ಲಿ ಸರ್ ಪದವಿ ಸಂದಿತು.

ಇಂದೋರ್ ಗೊಬ್ಬರ ಬೆಳೆಯನ್ನು ಹುಲುಸಾಗಿಸುತ್ತಿತ್ತು. ಅದು ಹೇಗೆ ಎಂಬುದು ಮಾತ್ರ ಬಗೆಹರಿದಿರಲಿಲ್ಲ. ಬೇರು–ಶಿಲೀಂಧ್ರಗಳ ಸಹಬಾಳ್ವೆಗೆ ಜರ್ಮನಿಯ ಎ.ಬಿ. ಫ್ರಾಂಕ್ 1885ರಲ್ಲಿಯೇ ಮೈಕೊರೈಜಾ ಎಂದು ಹೆಸರಿಟ್ಟಿದ್ದರು. ಇಂಗ್ಲೆಂಡಿನಲ್ಲಿ ಎಂ.ಸಿ. ರೇನರ್ ಪೈನ್ ಸಸಿಗಳ ಮೇಲೆ ಈ ಕುರಿತು ಸಂಶೋಧನೆ ನಡೆಸುತ್ತಿದ್ದರು. ಅದರಿಂದ ಪ್ರೇರಿತರಾದ ಹೊವಾರ್ಡ್, 1937–38ರಲ್ಲಿ ಭಾರತ ಮತ್ತು ಸಿಲೋನಿನ ಚಹಾ ತೋಟಗಳಲ್ಲಿ ಸಂಚರಿಸಿ, ಬೇರುಗಳ ಮಾದರಿಗಳನ್ನು ರೇನರ್ ಅವರ ಪರೀಕ್ಷೆಗೆ ಒದಗಿಸಿದರು. ಚಹಾ ಬೇರುಗಳಲ್ಲಿ ಶಿಲೀಂಧ್ರ ಕಂಡುಬಂದಿತು. ಕೊಳೆತ ಸಾವಯವ ಅಂಶ ಮತ್ತು ಸಸ್ಯದ ನಡುವಿನ ಜೀವಂತ ಸೇತುವೆ ಇದೇ ಎಂದು 1940ರ ತಮ್ಮ ಪ್ರಸಿದ್ಧ ಕೃತಿಯಲ್ಲಿ ಅವರು ಪ್ರತಿಪಾದಿಸಿದರು. ರಾಸಾಯನಿಕ ಗೊಬ್ಬರದ ಮೇಲೆ ಭರವಸೆ ಇಟ್ಟಿದ್ದ ಅನೇಕ ವಿಜ್ಞಾನಿಗಳು ಇದನ್ನು ಒಪ್ಪಲಿಲ್ಲ.

1947ರ ಅಕ್ಟೋಬರ್ 20ರಂದು ಹೊವಾರ್ಡ್ ನಿಧನರಾದರು. ಕಾಲ ಅವರ ವಾದದ ಅರ್ಧವನ್ನಷ್ಟೇ ಎತ್ತಿಹಿಡಿಯಿತು. ಶಿಲೀಂಧ್ರವನ್ನು ಬೇರು ಜೀರ್ಣಿಸಿಕೊಂಡು ಪೋಷಣೆ ಪಡೆಯುತ್ತದೆ ಎಂಬ ಅವರ ವಿವರಣೆ ನಿಲ್ಲಲಿಲ್ಲ. ಸಸ್ಯದಿಂದ ಸಕ್ಕರೆ ಪಡೆಯುವ ಶಿಲೀಂಧ್ರವು, ಬೇರಿಗೆ ಎಟುಕದ ಮಣ್ಣಿನಿಂದ ತನ್ನ ಎಳೆಗಳ ಮೂಲಕ ರಂಜಕವನ್ನು ತಂದುಕೊಡುತ್ತದೆ ಎಂಬುದು ನಂತರದ ಸಂಶೋಧನೆಗಳಿಂದ ಸ್ಪಷ್ಟವಾಯಿತು. ಆದರೆ ಬಹುತೇಕ ಬೆಳೆಗಳಿಗೆ ಈ ನಂಟು ಇದೆ ಎಂಬ ಅವರ ಗ್ರಹಿಕೆ ದೃಢಪಟ್ಟಿತು; ಸಾಸಿವೆ, ಎಲೆಕೋಸುಗಳ ಕುಟುಂಬ ಇದಕ್ಕೆ ಅಪವಾದ. ರಂಜಕದ ಗೊಬ್ಬರ ಅತಿಯಾದರೆ ನಂಟು ಸಡಿಲಗೊಳ್ಳುತ್ತದೆ ಎಂಬುದೂ ಸಾಬೀತಾಗಿದೆ. ಕರ್ನಾಟಕದ ರೈತರು ವ್ಯಾಮ್ ಎಂಬ ಹೆಸರಿನಲ್ಲಿ ಸಸಿಮಡಿಗೆ ಬೆರೆಸುವ ಜೈವಿಕ ಗೊಬ್ಬರ ಇದೇ ಶಿಲೀಂಧ್ರ ವರ್ಗಕ್ಕೆ ಸೇರಿದ್ದು.